ಸಂಬಳ ಮೊದಲೋ, ದಶಮಾಂಶ ಮೊದಲೋ? ವ್ಯಾಪಾರ ಕುಸಿದಾಗ ಕ್ರೈಸ್ತ ಮಾಲೀಕನ ಮುಂದಿರುವ ಪ್ರಶ್ನೆ

ಅಚ್ಚುಮೊಳೆ, ಮಂಗಳೂರು

ಎಲ್ಲರಿಗೂ ಕರ್ತನಲ್ಲಿ ವಂದನೆಗಳು. ಬಹಳ ದಿನಗಳಿಂದ ಮನಸ್ಸಿನಲ್ಲಿಯೇ ಇಟ್ಟುಕೊಂಡಿದ್ದ ಪ್ರಶ್ನೆಯೊಂದನ್ನು ಇಲ್ಲಿ ಮುಂದಿಡುತ್ತಿದ್ದೇನೆ, ಏಕೆಂದರೆ ನಮ್ಮ ಸಭೆಯಲ್ಲಿ ಇದನ್ನು ಬಾಯಿಬಿಟ್ಟು ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ.

ನಮ್ಮದು ಕುಟುಂಬದ ಮುದ್ರಣಾಲಯ. ಅಜ್ಜ ಬಲ್ಮಠದಲ್ಲಿ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಮಿಶನರಿ ಸಂಸ್ಥೆಯ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದವರು. ಅವರಿಂದ ಕಲಿತ ಕೆಲಸವನ್ನು ನಂಬಿ ತಂದೆ ಒಂದು ಟ್ರೆಡಲ್ ಯಂತ್ರದೊಂದಿಗೆ ಸ್ವಂತ ಪ್ರೆಸ್ ತೆರೆದರು, ನಾನು ಸಾಲ ಮಾಡಿ ಆಫ್‌ಸೆಟ್ ಯಂತ್ರ ತಂದೆನು. ಒಂದು ಕಾಲಕ್ಕೆ ನಮ್ಮಲ್ಲಿ 23 ಜನ ಕೆಲಸಕ್ಕಿದ್ದರು, ಈಗ 11 ಜನರಿದ್ದಾರೆ. 2020ರ ಲಾಕ್‌ಡೌನ್‌ನಲ್ಲಿ ನಿಂತುಹೋದ ಲಗ್ನಪತ್ರಿಕೆಯ ಕೆಲಸ ಮತ್ತೆ ಮೊದಲಿನಂತೆ ಬರಲೇ ಇಲ್ಲ, ಏಕೆಂದರೆ ಆ ಎರಡು ವರ್ಷಗಳಲ್ಲಿ ಜನರು ಮೊಬೈಲಿನಲ್ಲಿಯೇ ಆಮಂತ್ರಣ ಕಳುಹಿಸುವುದನ್ನು ರೂಢಿ ಮಾಡಿಕೊಂಡರು. ಅಂಗಡಿಗಳ ಬಿಲ್‌ಪುಸ್ತಕದ ಕೆಲಸ ಕಂಪ್ಯೂಟರ್ ಬಿಲ್ಲಿಗೆ ಹೋಯಿತು. 2022ರ ಸುಮಾರಿಗೆ ಕಾಗದದ ಬೆಲೆ ಏರಿದಾಗ, ಹಳೆಯ ದರಕ್ಕೆ ಒಪ್ಪಿಕೊಂಡಿದ್ದ ಶಾಲಾ ಪುಸ್ತಕದ ಕೆಲಸವನ್ನು ನಷ್ಟದಲ್ಲಿಯೇ ಮುಗಿಸಿಕೊಟ್ಟೆ. ಈಗ ತಿಂಗಳ ಕೊನೆಯಲ್ಲಿ ಕೈಗೆ ಬರುವ ಹಣದಲ್ಲಿ ಸಂಬಳ, ಬ್ಯಾಂಕಿನ ಕಂತು, ಕಾಗದದ ವ್ಯಾಪಾರಿಯ ಬಾಕಿ, ವಿದ್ಯುತ್ ಬಿಲ್ಲು ಇವೆಲ್ಲವೂ ತೀರುವುದಿಲ್ಲ. ಹೆಂಡತಿಯ ಒಡವೆ ಅಡವಿಟ್ಟು ಎಂಟು ತಿಂಗಳಾದವು. ಕಳೆದ ಎರಡು ತಿಂಗಳು ಸಂಬಳವನ್ನು ಅರ್ಧರ್ಧ ಮಾಡಿ ಕೊಟ್ಟಿದ್ದೇನೆ.

ಇದರ ನಡುವೆ ಒಂದು ಪ್ರಾರ್ಥನಾ ಕೂಟದಲ್ಲಿ ಬೋಧಕರೊಬ್ಬರು ನನ್ನ ಸ್ಥಿತಿ ಕೇಳಿ, ನಾನು ದಶಮಾಂಶವನ್ನು, ಅಂದರೆ ಆದಾಯದ ಹತ್ತನೆಯ ಒಂದು ಪಾಲನ್ನು, ದೇವರಿಗೆ ಸರಿಯಾಗಿ ಸಲ್ಲಿಸದೆ ಇರುವುದೇ ಈ ಸಂಕಟಕ್ಕೆ ಕಾರಣವೆಂದೂ, ಮಲಾಕಿಯ ಗ್ರಂಥದಲ್ಲಿರುವಂತೆ ಅದನ್ನು ಪೂರ್ತಿಯಾಗಿ ತಂದರೆ ಪರಲೋಕದ ದ್ವಾರಗಳು ತೆರೆಯುವವೆಂದೂ ಹೇಳಿದರು. ಆ ತಿಂಗಳು ಸಂಬಳಕ್ಕೆಂದು ಎತ್ತಿಟ್ಟ ಹಣದಿಂದ ತೆಗೆದು ಕಾಣಿಕೆ ಕೊಟ್ಟೆ. ಅಂದಿನಿಂದ ನೆಮ್ಮದಿಯಿಲ್ಲ. ನಾನು ಮಾಡಿದ್ದು ನಂಬಿಕೆಯೋ, ಹೆದರಿಕೆಯೋ ತಿಳಿಯದಾಗಿದೆ. ವ್ಯಾಪಾರ ನಡೆಸುವ ವಿಶ್ವಾಸಿಗಳು, ಸಭಾಪಾಲಕರು, ಲೆಕ್ಕ ಬಲ್ಲವರು ದಯವಿಟ್ಟು ಹೇಳಿ: ಹಣ ಸಾಲದೆ ಇರುವಾಗ ಯಾರಿಗೆ ಮೊದಲು ಕೊಡಬೇಕು?

ಸಭಾಸೇವಕ, ಉಡುಪಿ

ಸಹೋದರರೇ, ನಾನು ಸಭಾಪಾಲಕನಾಗಿ ನಿವೃತ್ತನಾದವನು. ನಿಮ್ಮ ಪ್ರಶ್ನೆಗೆ ಉತ್ತರ ನೀವು ಉಲ್ಲೇಖಿಸಿದ ಅದೇ ಅಧ್ಯಾಯದಲ್ಲಿದೆ. ದಶಮಾಂಶದ ಬಗ್ಗೆ ಎಲ್ಲರೂ ಓದುವ ವಚನ ಮಲಾಕಿಯ ಮೂರನೆಯ ಅಧ್ಯಾಯದ ಹತ್ತನೆಯದು. ಅದಕ್ಕಿಂತ ಐದು ವಚನ ಮೊದಲು, ಅದೇ ಪ್ರವಾದಿಯ ಬಾಯಿಂದ, ದೇವರು ಯಾರ ವಿರುದ್ಧ ತಾನೇ ಸಾಕ್ಷಿಯಾಗಿ ಬರುವೆನೆಂದು ಹೇಳುತ್ತಾನೋ ಅವರ ಪಟ್ಟಿಯಲ್ಲಿ ಕೂಲಿಯವನ ಕೂಲಿಯನ್ನು ಹಿಡಿದಿಟ್ಟುಕೊಳ್ಳುವವರೂ, ವಿಧವೆಯರನ್ನೂ ಅನಾಥರನ್ನೂ ಬಾಧಿಸುವವರೂ ಇದ್ದಾರೆ. ಐದನೆಯ ವಚನವನ್ನು ಬಿಟ್ಟು ಹತ್ತನೆಯದನ್ನು ಮಾತ್ರ ಬೋಧಿಸುವುದು ವಾಕ್ಯಕ್ಕೆ ಮಾಡುವ ಅನ್ಯಾಯವೆಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ.

ಧರ್ಮೋಪದೇಶಕಾಂಡದ 24ನೆಯ ಅಧ್ಯಾಯವು ಬಡ ಕೂಲಿಯವನಿಗೆ ಆಯಾ ದಿನದ ಕೂಲಿಯನ್ನು ಸೂರ್ಯ ಮುಳುಗುವುದರೊಳಗೆ ಕೊಡಬೇಕೆಂದು ಹೇಳಿ, ಅದಕ್ಕೆ ಕಾರಣವನ್ನೂ ಕೊಡುತ್ತದೆ: ಅವನು ಅದರ ಮೇಲೆಯೇ ಮನಸ್ಸಿಟ್ಟುಕೊಂಡಿರುತ್ತಾನೆ. ಯಾಕೋಬನ ಪತ್ರಿಕೆಯ ಐದನೆಯ ಅಧ್ಯಾಯದಲ್ಲಿ ಕೊಡದೆ ಉಳಿಸಿಕೊಂಡ ಕೂಲಿಯೇ ಕೂಗಿಕೊಳ್ಳುತ್ತದೆ. ಮಾರ್ಕನ ಏಳನೆಯ ಅಧ್ಯಾಯದಲ್ಲಿ ಯೇಸುಸ್ವಾಮಿಯು ಕೊರ್ಬಾನಿನ ಬಗ್ಗೆ ಆಡಿದ ಮಾತನ್ನಂತೂ ನೀವು ಮತ್ತೆ ಓದಬೇಕು. ತಂದೆತಾಯಿಗೆ ಸಲ್ಲಬೇಕಾದದ್ದನ್ನು ದೇವರಿಗೆ ಮುಡಿಪು ಎಂದು ಹೇಳಿ ಕರ್ತವ್ಯದಿಂದ ಜಾರಿಕೊಳ್ಳುತ್ತಿದ್ದವರನ್ನು ಆತನು ಖಂಡಿಸಿದನು. ನಿಮ್ಮ ಬೈಂಡಿಂಗ್ ಕೆಲಸದವರ ಸಂಬಳ ನಿಮ್ಮ ಹಣವಲ್ಲ. ಅವರು ಕೆಲಸ ಮಾಡಿದ ದಿನವೇ ಅದು ಅವರದಾಯಿತು, ನಿಮ್ಮ ಪೆಟ್ಟಿಗೆಯಲ್ಲಿ ಇರುವುದು ಅಷ್ಟೇ. ಇನ್ನೊಬ್ಬರ ಹಣದಿಂದ ಕಾಣಿಕೆ ಕೊಡಲು ಬರುವುದಿಲ್ಲ.

ನೀವು ಹೆದರಿ ಹಾಗೆ ಮಾಡಿದಿರೆಂದು ನಿಮ್ಮನ್ನು ನಿಂದಿಸಲಾರೆ. ಆ ಹೆದರಿಕೆಯನ್ನು ಹುಟ್ಟಿಸಿದವರು ಲೆಕ್ಕ ಕೊಡಬೇಕಾದೀತು.

ಲೆಕ್ಕದಪುಸ್ತಕ, ಮಂಗಳೂರು

ಅಯ್ಯನವರ ಮಾತಿಗೆ ನನ್ನ ಸಂಪೂರ್ಣ ಒಪ್ಪಿಗೆಯಿದೆ. ನಾನು ಲೆಕ್ಕಪರಿಶೋಧಕಿ, ಬಂಟ್ವಾಳದ ಕಡೆಯ ಕ್ಯಾಥೊಲಿಕ್ ಕುಟುಂಬದವಳು. ಸಣ್ಣ ಉದ್ಯಮಗಳ ಲೆಕ್ಕವನ್ನು ಇಪ್ಪತ್ತು ವರ್ಷಗಳಿಂದ ನೋಡುತ್ತಿದ್ದೇನೆ. ಯಾರಿಗೆ ಮೊದಲು ಎಂಬ ಪ್ರಶ್ನೆಗೆ ನನ್ನ ಮೇಜಿನಿಂದ ಕಾಣುವ ಉತ್ತರವನ್ನು ಹೇಳುತ್ತೇನೆ.

ಅಚ್ಚುಮೊಳೆ ಅವರೇ, ಒಮ್ಮೆ 20ಕ್ಕಿಂತ ಹೆಚ್ಚು ಜನರಿದ್ದು ಭವಿಷ್ಯನಿಧಿಗೆ (ಪಿಎಫ್) ಒಳಪಟ್ಟ ಸಂಸ್ಥೆ, ಜನ 11ಕ್ಕೆ ಇಳಿದ ಮಾತ್ರಕ್ಕೆ ಅದರಿಂದ ಹೊರಬರುವುದಿಲ್ಲ. ಕೆಲಸದವರ ಸಂಬಳದಿಂದ ಕಡಿತ ಮಾಡಿಕೊಂಡ ಪಿಎಫ್ ಪಾಲನ್ನು ಮುಂದಿನ ತಿಂಗಳ 15ರೊಳಗೆ ನೀವು ಕಟ್ಟಲೇಬೇಕು. ಸಂಕಟ ಬಂದಾಗ ಮಾಲೀಕರು ಮೊದಲು ಕೈಹಾಕುವುದು ಇದಕ್ಕೇ, ಏಕೆಂದರೆ ಪಿಎಫ್ ಕಟ್ಟದಿದ್ದರೆ ಮೊದಲ ಕೆಲವು ತಿಂಗಳು ಬಾಗಿಲು ತಟ್ಟುವವರು ಯಾರೂ ಇರುವುದಿಲ್ಲ. ಆದರೆ ಕಡಿತ ಮಾಡಿಕೊಂಡು ಕಟ್ಟದೆ ಇರುವುದನ್ನು ಕಾನೂನು ನಂಬಿಕೆದ್ರೋಹವೆಂದೇ ನೋಡುತ್ತದೆ. ನಮ್ಮ ಧರ್ಮವೂ ಅದನ್ನು ಬೇರೆ ಹೆಸರಿನಿಂದ ಕರೆಯಲಾರದು. ಗಿರಾಕಿಗಳಿಂದ ವಸೂಲು ಮಾಡಿದ ಜಿಎಸ್‌ಟಿಯೂ ಹಾಗೆಯೇ, ಅದು ನಿಮ್ಮಲ್ಲಿ ಇಟ್ಟ ಪರರ ಗಂಟು.

ಬ್ಯಾಂಕಿನ ವಿಚಾರದಲ್ಲಿ ಮೌನವೇ ಅತಿ ದೊಡ್ಡ ತಪ್ಪು. ಕಂತು ಬಾಕಿಯಾಗಿ 90 ದಿನ ದಾಟಿದರೆ ಸಾಲ ಅನುತ್ಪಾದಕ (ಎನ್‌ಪಿಎ), ಅಂದರೆ ವಸೂಲಿ ಕಷ್ಟವಾದ ಸಾಲವೆಂದು ವರ್ಗವಾಗುತ್ತದೆ. ಅದಕ್ಕೆ ಮೊದಲು 30, 60 ದಿನಗಳ ಗಡಿಗಳಲ್ಲಿಯೇ ಬ್ಯಾಂಕಿಗೆ ಎಚ್ಚರಿಕೆಯ ಗುರುತು ಬಿದ್ದಿರುತ್ತದೆ. ಸಣ್ಣ ಉದ್ಯಮಗಳ ಪುನಶ್ಚೇತನಕ್ಕಾಗಿ ರಿಸರ್ವ್ ಬ್ಯಾಂಕ್ 2016ರ ಮಾರ್ಚ್‌ನಲ್ಲಿ ಹೊರಡಿಸಿದ ವ್ಯವಸ್ಥೆಯಂತೆ, 25 ಕೋಟಿ ರೂಪಾಯಿವರೆಗಿನ ಸಾಲವಿರುವ ಉದ್ಯಮಿಯು ತನ್ನ ವ್ಯವಹಾರ ಸೋಲುವ ಲಕ್ಷಣ ಕಂಡರೆ ತಾನೇ ಬ್ಯಾಂಕಿಗೆ ಅರ್ಜಿ ಕೊಟ್ಟು ಪರಿಹಾರ ಯೋಜನೆ ಕೇಳಬಹುದು. ಇದನ್ನು ಬಳಸಿಕೊಂಡವರನ್ನು ನಾನು ಬೆರಳೆಣಿಕೆಯಷ್ಟು ಕಂಡಿದ್ದೇನೆ, ಏಕೆಂದರೆ ಅರ್ಜಿ ಕೊಡಬೇಕಾದರೆ ನಾನು ಸೋಲುತ್ತಿದ್ದೇನೆ ಎಂದು ಸಹಿ ಹಾಕಿ ಹೇಳಬೇಕಾಗುತ್ತದೆ.

ನಿಮಗೆ ಬರಬೇಕಾದ ಹಣವೆಷ್ಟು ಎಂಬುದನ್ನು ನೀವು ಬರೆಯಲಿಲ್ಲ. ಅದನ್ನೂ ಹೇಳಿ. 2006ರ ಸಣ್ಣ ಉದ್ಯಮಗಳ ಕಾಯ್ದೆಯ ಪ್ರಕಾರ, ನೋಂದಾಯಿತ ಸಣ್ಣ ಉದ್ಯಮದಿಂದ ಕೆಲಸ ಮಾಡಿಸಿಕೊಂಡವರು ಹೆಚ್ಚೆಂದರೆ 45 ದಿನಗಳೊಳಗೆ ಹಣ ಕೊಡಬೇಕು.

ಅಚ್ಚುಮೊಳೆ, ಮಂಗಳೂರು

ಲೆಕ್ಕಪರಿಶೋಧಕಿ ಬಾಯಿಯವರೇ, ನೀವು ಕೇಳಿದ್ದರಿಂದ ಹೇಳುತ್ತೇನೆ. ಬರಬೇಕಾದ ಹಣದಲ್ಲಿ ದೊಡ್ಡ ಪಾಲು ಕ್ರೈಸ್ತ ಸಂಸ್ಥೆಯೊಂದರಿಂದಲೇ ಬರಬೇಕಾಗಿದೆ. ಅವರ ವಾರ್ಷಿಕೋತ್ಸವದ ಸ್ಮರಣ ಸಂಚಿಕೆಯನ್ನು ಹಗಲುರಾತ್ರಿ ಕೆಲಸ ಮಾಡಿ ಸಮಯಕ್ಕೆ ಕೊಟ್ಟೆವು. 14 ತಿಂಗಳಾದವು. ಕೇಳಲು ಹೋದರೆ ಇದೂ ದೇವರ ಸೇವೆಯಲ್ಲವೇ ಎನ್ನುತ್ತಾರೆ. ಪಿಎಫ್ ಎರಡು ತಿಂಗಳದ್ದು ಕಟ್ಟಿಲ್ಲ. ಅದನ್ನು ಇಲ್ಲಿ ಬರೆಯುವಾಗ ಕೈ ನಡುಗಿತು, ಆದರೂ ಬರೆದಿದ್ದೇನೆ.

ಗೇರುಬೀಜ, ದಕ್ಷಿಣ ಕನ್ನಡ

ನಾನು ಮಾಲೀಕಳಲ್ಲ, ಮಾಲೀಕರ ಮಗಳೂ ಅಲ್ಲ. ನನ್ನ ಅಮ್ಮ ಗೇರುಬೀಜದ ಕಾರ್ಖಾನೆಯಲ್ಲಿ ಸಿಪ್ಪೆ ಸುಲಿಯುತ್ತಿದ್ದವರು. ಮಾಲೀಕರು ನಮ್ಮ ಇಗರ್ಜಿಯವರೇ. ಒಂದು ಭಾನುವಾರ ಅವರು ಪೂಜೆಗೆ ಬಂದು ಎಲ್ಲರೊಂದಿಗೆ ನಕ್ಕು ಮಾತನಾಡಿ ಹೋದರು, ಸೋಮವಾರ ಗೇಟಿಗೆ ಬೀಗ ಬಿದ್ದಿತ್ತು. ಅವರಿಗೆ ನಷ್ಟವಾಗಿತ್ತೆಂಬುದು ನಿಜ, ಅವರು ಮೋಸಗಾರರೆಂದು ನಾನು ಇಂದಿಗೂ ಹೇಳುವುದಿಲ್ಲ. ಆದರೆ ನಾಲ್ಕು ವಾರ ಮೊದಲು ಹೇಳಿದ್ದರೆ ಅಮ್ಮ ಆ ತಿಂಗಳು ಅಣ್ಣನ ಕಾಲೇಜಿಗೆಂದು ಸಂಘದಿಂದ ಸಾಲ ತೆಗೆಯುತ್ತಿರಲಿಲ್ಲ. ಆ ಸಾಲ ತೀರಲು ಮೂರು ವರ್ಷ ಹಿಡಿಯಿತು.

ಸಂಕಟಕಾಲದ ಬೋಧನೆಗಳಲ್ಲಿ ಯೋಸೇಫನ ಕಥೆಯನ್ನು ಬಹಳ ಹೇಳುತ್ತಾರೆ. ಸುಭಿಕ್ಷದ ಏಳು ವರ್ಷಗಳಲ್ಲಿ ಬೆಳೆಯ ಐದನೆಯ ಒಂದು ಪಾಲನ್ನು ಕೂಡಿಟ್ಟ ಜಾಣ ಆಡಳಿತಗಾರ ಆತ. ಆದರೆ ಆದಿಕಾಂಡದ 47ನೆಯ ಅಧ್ಯಾಯವನ್ನು ಯಾರೂ ಓದುವುದಿಲ್ಲ. ಬರಗಾಲ ಮುಂದುವರಿದಾಗ ಅದೇ ಧಾನ್ಯಕ್ಕಾಗಿ ಜನರು ಮೊದಲು ಹಣವನ್ನೂ, ನಂತರ ದನಕರುಗಳನ್ನೂ, ಕೊನೆಗೆ ಹೊಲಗಳನ್ನೂ ತಮ್ಮನ್ನೂ ಐಗುಪ್ತದ ಅರಸ ಫರೋಹನಿಗೆ ಮಾರಿಕೊಂಡರು. ಉಗ್ರಾಣ ತುಂಬಿದ್ದು ಯಾರ ಬೆಳೆಯಿಂದ ಎಂದು ನನಗೆ ಪ್ರತಿಸಲ ಅನ್ನಿಸುತ್ತದೆ. ನನಗೆ ನೆಹೆಮೀಯನೇ ಹತ್ತಿರದವನು. ಬರದಲ್ಲಿ ಬಡವರು ಹೊಲ, ದ್ರಾಕ್ಷಿತೋಟ, ಮನೆಗಳನ್ನು ಅಡವಿಟ್ಟಾಗ ಆತ ಶ್ರೀಮಂತರನ್ನು ಎದುರಿಗೆ ಕೂರಿಸಿ ಅವುಗಳನ್ನು ಹಿಂದೆ ಕೊಡಿಸಿದ. ತಾನು ಅಧಿಪತಿಯಾಗಿದ್ದ 12 ವರ್ಷ ತನಗೆ ಸಲ್ಲಬೇಕಾದ ಭತ್ಯವನ್ನೇ ತೆಗೆದುಕೊಳ್ಳಲಿಲ್ಲ.

ಅಚ್ಚುಮೊಳೆ ಅಣ್ಣ, ನಿಮ್ಮ ಕೆಲಸದವರಿಗೆ ಹೇಳಿದ್ದೀರಾ?

ಬಲ್ಮಠದ ಓದುಗ, ಮಂಗಳೂರು

ನಿಮ್ಮ ಅಜ್ಜನ ಪ್ರೆಸ್ಸಿನ ಹೆಸರು ಬಂದದ್ದರಿಂದ ಇತಿಹಾಸದ ಒಂದೆರಡು ಮಾತು ಸೇರಿಸಬೇಕೆನಿಸಿತು. 1834ರಲ್ಲಿ ಬಾಸೆಲ್ ಮಿಶನ್ನಿನವರು ಈ ಕರಾವಳಿಗೆ ಬಂದಾಗ ಕಾರ್ಖಾನೆ ನಡೆಸುವ ಉದ್ದೇಶ ಅವರಿಗಿರಲಿಲ್ಲ. ಕ್ರೈಸ್ತರಾದವರಲ್ಲಿ ಅನೇಕರು ಜಾತಿಯ ಕಸುಬನ್ನೂ ಮನೆಯ ಆಸರೆಯನ್ನೂ ಒಟ್ಟಿಗೇ ಕಳೆದುಕೊಂಡು ಬೀದಿಗೆ ಬಿದ್ದಾಗ, ಅವರ ಅನ್ನದ ಪ್ರಶ್ನೆ ಮಿಶನ್ನಿನ ಎದುರು ಬಂದು ನಿಂತಿತು. ಬೇಸಾಯದ ವಸಾಹತು ಮೊದಲಾದ ಪ್ರಯತ್ನಗಳು ಕೈಹಿಡಿಯಲಿಲ್ಲ. 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ಬಂತು, 1843ರ ಜುಲೈಯಲ್ಲಿ ಮಿಶನರಿ ಮೋಗ್ಲಿಂಗರ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಟಿತು. 1851ರಲ್ಲಿ ಬಂದ ಮಿಶನ್ನಿನ ಹಾಲರ್ ನೇಯ್ಗೆಯನ್ನು ಒಂದು ದಾರಿಗೆ ತಂದರು. 1865ರಲ್ಲಿ ಮಿಶನ್ನಿನವರೇ ಆದ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ನೇತ್ರಾವತಿಯ ದಂಡೆಯ ಜೇಡಿಮಣ್ಣು ಮಂಗಳೂರು ಹಂಚಾಗಿ ಸಮುದ್ರ ದಾಟಿ ಹೋಗಿದ್ದು ಹೀಗೆ.

ನಾನು ಹೇಳಬೇಕೆಂದಿರುವುದು ಯಶಸ್ಸಿನ ಕಥೆಯಲ್ಲ. ಆ ಕಾರ್ಖಾನೆಗಳ ಒಳಗೇ ಒಂದು ನೋವು ಇತ್ತು. ದುಡಿಸುವವರೂ ಸಭೆಯ ಹಿರಿಯರೂ ಒಂದೇ ಆಗಿಬಿಟ್ಟರೆ, ಕೂಲಿ ಸಾಲದು ಎಂದು ಹೇಳುವವನು ಎಲ್ಲಿಗೆ ಹೋಗಬೇಕು? ಮಿಶನ್ನಿನೊಳಗೆಯೇ ಈ ಬಗ್ಗೆ ವಾದಗಳು ನಡೆದವು. ಲಾಭದ ವ್ಯಾಪಾರವೂ ಸುವಾರ್ತೆಯೂ ಒಂದೇ ಕೈಯಲ್ಲಿ ಇರಬಹುದೇ ಎಂದು ಪ್ರಶ್ನಿಸಿದವರು ಇದ್ದರು. ಕೊನೆಗೆ ಮೊದಲನೆಯ ಮಹಾಯುದ್ಧ ಬಂದು, ಮಿಶನರಿಗಳಲ್ಲಿ ಬಹಳ ಮಂದಿ ಜರ್ಮನರಾಗಿದ್ದ ಕಾರಣ ಸರಕಾರವು ಉದ್ಯಮಗಳನ್ನು ವಶಪಡಿಸಿಕೊಂಡಿತು, ಅವು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಪಾಲಾದವು. ಯಾವ ಮಾಲೀಕನ ನಂಬಿಕೆಯ ಕೊರತೆಯಿಂದಲೂ ಅದು ಆದದ್ದಲ್ಲ. ವ್ಯಾಪಾರ ಬಿದ್ದುದನ್ನೆಲ್ಲ ದಶಮಾಂಶಕ್ಕೆ ತಳಕು ಹಾಕುವವರು ಇದನ್ನು ಯೋಚಿಸಬೇಕು. ಇಂದು ಜೆಪ್ಪು, ಉಳ್ಳಾಲದ ಕಡೆ ಹಂಚಿನ ಕಾರ್ಖಾನೆಗಳ ಹೊಗೆಗೂಡುಗಳು ತಣ್ಣಗಾದದ್ದಕ್ಕೆ ಕಾಂಕ್ರೀಟಿನ ತಾರಸಿ, ಜೇಡಿಮಣ್ಣಿನ ಅಭಾವ, ಸೌದೆಯ ಬೆಲೆ ಕಾರಣ. ನಿಮ್ಮ ಲಗ್ನಪತ್ರಿಕೆಗೆ ಮೊಬೈಲು ಕಾರಣವಾದಂತೆ.

ಪೀಣ್ಯದವ, ಬೆಂಗಳೂರು

ನಾನು ಇಲ್ಲಿಯವರೆಗೆ ಓದುತ್ತಾ ಮಾತ್ರ ಇದ್ದೆ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಯಂತ್ರಭಾಗ ತಯಾರಿಸುವ ಶೆಡ್ಡು ಇತ್ತು, ಈಗ ಇಲ್ಲ. ಮುಚ್ಚಿದವನ ಅನುಭವವೂ ಈ ಚರ್ಚೆಗೆ ಬೇಕೆಂದು ಬರೆಯುತ್ತಿದ್ದೇನೆ.

ಕೆಲಸದವರನ್ನು ಕೈಬಿಡಬಾರದೆಂಬ ಮಾತನ್ನು ನಾನು ಅಕ್ಷರಶಃ ಹಿಡಿದುಕೊಂಡೆ. 2019ರಲ್ಲಿ ವಾಹನ ಕಂಪನಿಗಳ ಬೇಡಿಕೆ ಕುಸಿದಾಗಲೇ ನಮ್ಮ ಕೆಲಸ ಅರ್ಧವಾಗಿತ್ತು. ಮರುವರ್ಷ ಲಾಕ್‌ಡೌನ್ ಬಂತು. ಸರಕಾರದ ಖಾತರಿಯ ಹೆಚ್ಚುವರಿ ಸಾಲ ಸಿಕ್ಕಿತು, ಬಾಕಿಯಿದ್ದ ಸಾಲದ ಶೇಕಡಾ 20ರಷ್ಟು. ಅದನ್ನು ಸಂಬಳಕ್ಕೆ ಹಾಕಿದೆ. ಪ್ರತಿ ಸೋಮವಾರ ಬೆಳಗ್ಗೆ ಎಲ್ಲರನ್ನೂ ನಿಲ್ಲಿಸಿ ಪ್ರಾರ್ಥನೆ ಮಾಡಿ, ದೇವರು ದಾರಿ ತೆರೆಯುತ್ತಾನೆ, ಯಾರೂ ಹೆದರಬೇಡಿ ಎನ್ನುತ್ತಿದ್ದೆ. ನಾನು ಸುಳ್ಳು ಹೇಳುತ್ತಿರಲಿಲ್ಲ, ನಂಬಿಯೇ ಹೇಳುತ್ತಿದ್ದೆ. ಆದರೆ ಲೆಕ್ಕದ ಪುಸ್ತಕ ಬೇರೆಯದನ್ನು ಹೇಳುತ್ತಿತ್ತು ಎಂಬುದು ನನಗೊಬ್ಬನಿಗೇ ಗೊತ್ತಿತ್ತು. ನನ್ನ ಮಾತನ್ನು ನಂಬಿ ಒಬ್ಬ ಟರ್ನರ್ ಬೇರೆ ಕಡೆ ಬಂದ ಒಳ್ಳೆಯ ಕೆಲಸವನ್ನು ಬಿಟ್ಟ. ಹತ್ತು ತಿಂಗಳ ನಂತರ ಶೆಡ್ಡು ಮುಚ್ಚಿದಾಗ ಅವನಿಗೆ ಆ ಕೆಲಸವೂ ಇರಲಿಲ್ಲ, ನನ್ನಲ್ಲಿ ಗ್ರಾಚ್ಯುಯಿಟಿಗೆ ಹಣವೂ ಇರಲಿಲ್ಲ. ಯಂತ್ರಗಳನ್ನು ಮಾರಿ ಎರಡು ವರ್ಷಗಳಲ್ಲಿ ತೀರಿಸಿದೆ. ಸಾಲಗಾರನೊಬ್ಬ ಸಾಲ ಪಡೆದು ತೀರಿಸದೆ ಹೋಗುವುದನ್ನು 37ನೆಯ ಕೀರ್ತನೆ ದುಷ್ಟತನವೆಂದು ಕರೆಯುತ್ತದೆ, ಆ ಮಾತು ನನ್ನನ್ನು ನಿದ್ರೆ ಮಾಡಲು ಬಿಡಲಿಲ್ಲ.

ಗೋಪುರ ಕಟ್ಟುವವನು ಮೊದಲು ಕೂತು ಖರ್ಚು ಲೆಕ್ಕಹಾಕಬೇಕೆಂದು ಲೂಕನ 14ನೆಯ ಅಧ್ಯಾಯದಲ್ಲಿದೆ. ಬಿಚ್ಚುವವನೂ ಲೆಕ್ಕಹಾಕಬೇಕು ಎಂಬುದನ್ನು ನಾನು ಕಷ್ಟಪಟ್ಟು ಕಲಿತೆ. ಎಲ್ಲರ ಬಾಕಿ ತೀರಿಸುವಷ್ಟು ಆಸ್ತಿ ಇರುವಾಗಲೇ ಮುಚ್ಚುವುದು, ಏನೂ ಉಳಿಯದಾಗುವವರೆಗೆ ಎಳೆದು ಮುಚ್ಚುವುದಕ್ಕಿಂತ ದೈವಭಕ್ತಿಯ ಕೆಲಸ. ಅಂಜೂರದ ಮರ ಚಿಗುರದಿದ್ದರೂ, ಕೊಟ್ಟಿಗೆಯಲ್ಲಿ ದನವಿಲ್ಲದಿದ್ದರೂ ಕರ್ತನಲ್ಲಿ ಉಲ್ಲಾಸಿಸುವೆನೆಂದ ಪ್ರವಾದಿ ಹಬಕ್ಕೂಕನು ಮರ ಚಿಗುರಿದೆ ಎಂದು ಯಾರಿಗೂ ಹೇಳಲಿಲ್ಲ.

ಎಲ್ಲಕ್ಕಿಂತ ಕಷ್ಟವಾದದ್ದು ಭಾನುವಾರಗಳು. ಮೊದಲು ಮುಂದಿನ ಸಾಲಿನಲ್ಲಿ ಕೂರುತ್ತಿದ್ದವನು ಹಿಂದಿನ ಬೆಂಚಿಗೆ ಬಂದೆ. ನನ್ನನ್ನು ಯಾರೂ ದೂಷಿಸಲಿಲ್ಲ, ಮಾತನಾಡಿಸಲೂ ಇಲ್ಲ.

ಹಳೆಯ ಕಾರ್ಯದರ್ಶಿ, ಕುಂದಾಪುರ

ಪೀಣ್ಯದ ಸಹೋದರರು ಕೊನೆಯಲ್ಲಿ ಬರೆದ ಎರಡು ವಾಕ್ಯಗಳ ಬಗ್ಗೆ ಮಾತ್ರ ಹೇಳುತ್ತೇನೆ. ಇಂಗ್ಲೆಂಡಿನಲ್ಲಿ ಸೆರೆಮನೆ ಸುಧಾರಣೆಗೆ ದುಡಿದ ಎಲಿಜಬೆತ್ ಫ್ರೈ ಅವರ ಗಂಡನ ಬ್ಯಾಂಕು 1828ರಲ್ಲಿ ಮುಳುಗಿದಾಗ, ಕ್ವೇಕರ್ ಎಂಬ ಕ್ರೈಸ್ತ ಪಂಥದ ಸಭೆಯು ಆತನನ್ನು ಸದಸ್ಯತ್ವದಿಂದಲೇ ಹೊರಹಾಕಿತು. ಸಾಲ ತೀರಿಸುವುದು ಪ್ರಾಮಾಣಿಕತೆಯ ಪರೀಕ್ಷೆಯೆಂದು ಅವರು ಹಿಡಿದ ಕಟ್ಟುನಿಟ್ಟಿನಿಂದಾಗಿಯೇ ಕ್ವೇಕರ್ ವ್ಯಾಪಾರಿಗಳ ಮಾತಿಗೆ ಬೆಲೆ ಬಂದಿತ್ತು ಎಂಬುದೂ ಸತ್ಯ. ಆದರೆ ಬಿದ್ದವನನ್ನು ಎತ್ತಲು ಆ ಕಟ್ಟುನಿಟ್ಟಿಗೆ ಕೈಗಳಿರಲಿಲ್ಲ. ನಮ್ಮ ಕರಾವಳಿಯಲ್ಲಿ ಇನ್ನೊಂದು ಬಗೆಯ ಉದಾಹರಣೆಯೂ ಇದೆ. 1891ರಲ್ಲಿ ಹದಿಮೂರನೆಯ ಲಿಯೋ ಪೋಪರು ಕಾರ್ಮಿಕರ ನ್ಯಾಯಯುತ ಕೂಲಿಯ ಬಗ್ಗೆ ವಿಶ್ವಪತ್ರ ಬರೆದ ಎರಡು ದಶಕಗಳ ನಂತರ, 1912ರಲ್ಲಿ, ಮಂಗಳೂರಿನ ಕ್ಯಾಥೊಲಿಕರು ತಮ್ಮದೇ ಸಹಕಾರಿ ಬ್ಯಾಂಕು ಕಟ್ಟಿಕೊಂಡರು. ಕಷ್ಟದಲ್ಲಿರುವವನಿಗಾಗಿ ಪ್ರಾರ್ಥಿಸುವುದರ ಜೊತೆಗೆ ಅವನಿಗೆ ಸಾಲ ಹುಟ್ಟುವ ಒಂದು ಜಾಗವನ್ನೂ ಸಮುದಾಯವೇ ಮಾಡಬೇಕೆಂದು ಅವರಿಗೆ ತಿಳಿದಿತ್ತು.

ಅಚ್ಚುಮೊಳೆ ಅವರಿಗೆ 14 ತಿಂಗಳಿಂದ ಹಣ ಕೊಡದ ಸಂಸ್ಥೆಯ ಸಮಿತಿಯಲ್ಲಿ ಇರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಮೊದಲ ವಿಷಯವಾಗಿ ಅದನ್ನು ಸೇರಿಸಿರೆಂದು ಕೇಳಿಕೊಳ್ಳುತ್ತೇನೆ. ನಾನು ಅಂಥ ಸಮಿತಿಗಳಲ್ಲಿ ಕೂತವನು. ನಾವು ಎಷ್ಟು ಬಿಲ್ಲುಗಳನ್ನು ಮುಂದಿನ ತಿಂಗಳಿಗೆ ತಳ್ಳಿದ್ದೇವೆಂದು ನನಗೆ ಗೊತ್ತಿದೆ, ಅದಕ್ಕಾಗಿ ಪಶ್ಚಾತ್ತಾಪವೂ ಇದೆ.

ಸಭಾಸೇವಕ, ಉಡುಪಿ

ಪೀಣ್ಯದ ಸಹೋದರರೇ, ನಿಮ್ಮ ಸಭೆಯ ಪರವಾಗಿ ನನಗೆ ಮಾತನಾಡುವ ಹಕ್ಕಿಲ್ಲ, ಆದರೂ ಒಬ್ಬ ಸಭಾಪಾಲಕನಾಗಿ ಕ್ಷಮೆ ಕೇಳುತ್ತೇನೆ. ಬೆಳೆದ ವ್ಯಾಪಾರಕ್ಕೆ ವೇದಿಕೆಯಿಂದ ಸ್ತೋತ್ರ ಹೇಳುವುದನ್ನು ನಾವು ಬಲ್ಲೆವು. ಮುಚ್ಚಿದ ವ್ಯಾಪಾರಕ್ಕೆ ನಮ್ಮ ಆರಾಧನಾ ಕ್ರಮದಲ್ಲಿ ಒಂದು ಪ್ರಾರ್ಥನೆಯೂ ಇಲ್ಲ. ನಿಮ್ಮ ಎರಡು ವರ್ಷಗಳ ತೀರಿಕೆಯನ್ನು ನಾನು ಸಾಕ್ಷಿಯೆಂದೇ ಕರೆಯುತ್ತೇನೆ.

ಅಚ್ಚುಮೊಳೆ, ಮಂಗಳೂರು

ಎಲ್ಲರ ಬರಹವನ್ನೂ ಹೆಂಡತಿಯೊಂದಿಗೆ ಕೂತು ಎರಡೆರಡು ಸಲ ಓದಿದೆ. ಗೇರುಬೀಜದ ತಂಗಿ ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲವಾದ್ದರಿಂದ, ಕಳೆದ ಶನಿವಾರ ಮಧ್ಯಾಹ್ನ ಯಂತ್ರ ನಿಲ್ಲಿಸಿ ಹನ್ನೊಂದು ಜನರನ್ನೂ ಕೂರಿಸಿಕೊಂಡೆ. ಬರುವ ಹಣ, ಕೊಡಬೇಕಾದ ಹಣ, ಪಿಎಫ್ ಬಾಕಿ, ಬ್ಯಾಂಕಿನ ಕಂತು ಎಲ್ಲವನ್ನೂ ಒಂದು ದೊಡ್ಡ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ ಓದಿದೆ. ಸಂಬಳದ ಹಣದಿಂದ ಕಾಣಿಕೆ ಕೊಟ್ಟದ್ದನ್ನೂ ಹೇಳಿದೆ. ಪ್ರಾರ್ಥನೆ ಮಾಡಿಸಲಿಲ್ಲ. ಅವರಲ್ಲಿ ಹೆಚ್ಚಿನವರು ಕ್ರೈಸ್ತರಲ್ಲ, ಆ ಹೊತ್ತಿನಲ್ಲಿ ನನ್ನ ಪ್ರಾರ್ಥನೆಯನ್ನು ಅವರ ಮೇಲೆ ಹೊರಿಸುವುದು ಸರಿಯಲ್ಲವೆನಿಸಿತು.

ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ತಂದೆಯ ಕಾಲದಿಂದ ಬೈಂಡಿಂಗ್ ಮಾಡುತ್ತಿರುವ ಹಿರಿಯರು, ಧನಿಗಳೇ, ಇದರಲ್ಲಿ ನಿಮ್ಮ ಮನೆಖರ್ಚಿಗೆ ತೆಗೆಯುವ ಹಣ ಎಲ್ಲಿದೆ ಎಂದು ಕೇಳಿದರು. ಅದು ಹಾಳೆಯಲ್ಲಿ ಇರಲಿಲ್ಲ. ಮರೆಮಾಚಬೇಕೆಂದು ಬಿಟ್ಟದ್ದಲ್ಲ, ಅದನ್ನು ಬರೆಯಬೇಕೆಂದೇ ನನಗೆ ಹೊಳೆದಿರಲಿಲ್ಲ. ಅವರೆದುರಿಗೇ ಬರೆದೆ. ಆ ಮೊತ್ತವನ್ನು ಮುಂದಿನ ಆರು ತಿಂಗಳು ಅರ್ಧ ಮಾಡುವುದೆಂದೂ, ಉಳಿದ ಹಣದಿಂದ ಮೊದಲು ಪಿಎಫ್ ಬಾಕಿಯನ್ನೂ ನಂತರ ಎರಡು ತಿಂಗಳ ಅರ್ಧ ಸಂಬಳವನ್ನೂ ತೀರಿಸುವುದೆಂದೂ ತೀರ್ಮಾನವಾಯಿತು. ಇಬ್ಬರು ಹುಡುಗರು ಬೇರೆ ಕೆಲಸ ನೋಡಿಕೊಳ್ಳುವುದಾಗಿ ಹೇಳಿದರು, ಅವರ ಲೆಕ್ಕವನ್ನು ಪೂರ್ತಿ ಚುಕ್ತಾ ಮಾಡಿ ಕಳುಹಿಸುವುದಾಗಿ ಮಾತು ಕೊಟ್ಟಿದ್ದೇನೆ. ಹಳೆಯ ಯಂತ್ರವೊಂದಕ್ಕೆ ಪುತ್ತೂರಿನಿಂದ ಗಿರಾಕಿ ಬರುವವರಿದ್ದಾರೆ.

ಸೋಮವಾರ ಬ್ಯಾಂಕಿಗೆ ಹೋಗಿ ಅರ್ಜಿ ಕೊಟ್ಟು ಬಂದೆ. ಸ್ಮರಣ ಸಂಚಿಕೆಯ ಬಾಕಿ ಕೇಳಿ ಆ ಸಂಸ್ಥೆಗೆ ಬರೆದ ಪತ್ರದಲ್ಲಿ, 45 ದಿನಗಳ ಕಾನೂನಿನ ಜೊತೆಗೆ ಮಲಾಕಿಯ ಮೂರನೆಯ ಅಧ್ಯಾಯದ ಐದನೆಯ ವಚನವನ್ನೂ ಸೇರಿಸಿದ್ದೇನೆ. ಲೆಕ್ಕಪರಿಶೋಧಕಿ ಬಾಯಿಯವರೇ, ಕಳುಹಿಸುವ ಮೊದಲು ನೀವೊಮ್ಮೆ ಓದಿ ನೋಡುವುದಾದರೆ ಉಪಕಾರವಾಗುತ್ತದೆ.